ತಂತಿ ಕಳಚಿದ್ದ ಗಂಟೆ

ಇದರಲ್ಲಿ ಕೆಲವು ವಿವರಗಳು ನನ್ನ ನೆನಪಿನಲ್ಲಿ ಅದಲು ಬದಲಾಗಿರಬಹುದು. ಅಂದೇ ಡೈರಿಯಲ್ಲಿ ಬರೆದಿಟ್ಟದ್ದು ನಿಜ. ಆದರೆ ಬರೆಯುವಾಗ ಗೆದ್ದ ಖುಷಿಯಲ್ಲಿದ್ದೆ. ಖುಷಿಯಲ್ಲಿರುವವರ ಸಾಕ್ಷಿಯನ್ನು ನಾನು ಪೂರ್ತಿ ನಂಬುವುದಿಲ್ಲ. ಇಂಥ ಸಂಗತಿಯನ್ನು ಬೇರೆಯವರು ಹೇಳಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ನನ್ನ ಚಿಕ್ಕಪ್ಪನ ಆಲೆಮನೆಯಿದೆ. ಪಾಕದ ಹದ ನೋಡಿ ಕೊಪ್ಪರಿಗೆ ಇಳಿಸುತ್ತಿದ್ದ ಹಳಬರು ಕೆಲಸ ಬಿಟ್ಟಾಗ, ಮಂಡ್ಯದಲ್ಲಿ ಇಂಜಿನಿಯರಿಂಗ್ ಓದಿ ಮುಗಿಸಿದ್ದ ನಾನು ಅಲ್ಲಿ ಒಂದು ಸಣ್ಣ ಕಂಪ್ಯೂಟರ್ ಕೂರಿಸಿದೆ. ಕುದಿಯುವ ಕಬ್ಬಿನ ಹಾಲನ್ನು ಕ್ಯಾಮೆರಾ ನೋಡುತ್ತಿರುತ್ತದೆ. ನೊರೆ ಇಳಿದ ಮೇಲೆ ಎಷ್ಟು ನಿಮಿಷ ಕಾಯಬೇಕೆಂದು ಕಂಪ್ಯೂಟರ್ ಲೆಕ್ಕ ಹಾಕಿ, ಹೊತ್ತು ಮುಗಿದಾಗ ಗಂಟೆ ಬಾರಿಸುತ್ತದೆ. ಮನೆಯಲ್ಲಿ ಪರೀಕ್ಷಿಸಿದಾಗ ಎಲ್ಲ ಸರಿಯಿತ್ತು. ಆಲೆಮನೆಯಲ್ಲಿ ಗಂಟೆ ತಡವಾಗಿ ಹೊಡೆದು ಎರಡು ಕೊಪ್ಪರಿಗೆ ಪಾಕ ಸೀದುಹೋಯಿತು. ಚಿಕ್ಕಪ್ಪ ರೇಗಲಿಲ್ಲ. “ಇನ್ನೊಂದು ಸೀದ್ರೆ ನಿನ್ ಡಬ್ಬಾನ ಮಂಡ್ಯಕ್ಕೆ ಎತ್ಕೊಂಡೋಗ್ಬುಡು ಕಣವ್ವ,” ಎಂದರು.

ಮೂರನೆಯದು ಮಧ್ಯಾಹ್ನ ಒಲೆಗೇರಿತು. ತಪ್ಪು ಗಂಟೆಯದೇ ಇರಬೇಕೆಂದುಕೊಂಡು ಅದನ್ನು ಬಿಚ್ಚಿ ನೋಡುತ್ತಿದ್ದೆ. ಗಂಟೆ ಮಡಿಲಲ್ಲಿತ್ತು, ಕಳಚಿದ ತಂತಿ ಕೈಯಲ್ಲಿತ್ತು. ಇದೊಂದರಲ್ಲಿ ನನಗೆ ಅನುಮಾನವಿಲ್ಲ. ಆಗ ಗಂಟೆ ಹೊಡೆಯಿತು. ಮಡಿಲಲ್ಲಿದ್ದದ್ದು ಅಲುಗಲಿಲ್ಲ, ಆಲೆಮನೆಯಲ್ಲಿ ಬೇರೆ ಗಂಟೆಯೂ ಇರಲಿಲ್ಲ. ಹೊರಗೆ ಗಾಣದ ಬಳಿಯಿದ್ದ ಚಿಕ್ಕಪ್ಪ ಓಡಿಬಂದರು. “ಗಂಟೆ ಒಡೀತಲ್ಲ, ಏನ್ ನೋಡ್ತಾ ನಿಂತಿದ್ದೀರ್ಲಾ? ಇಳಿಸ್ರಲಾ!” ಆಳುಗಳು ಇಳಿಸಿದರು. ಅಚ್ಚಿಗೆ ಬಿದ್ದ ಪಾಕ ಚಿನ್ನದ ಬಣ್ಣಕ್ಕಿತ್ತು.

ಪರದೆ ನೋಡಿದರೆ ಇನ್ನೂ ಕೆಲವು ನಿಮಿಷ ಬಾಕಿ ತೋರಿಸುತ್ತಿತ್ತು. ಫೋನಿನ ಪ್ರಕಾರ ಹೊತ್ತು ಆಗಲೇ ಮುಗಿದಿತ್ತು. ಗಂಟೆಯಲ್ಲ, ಕಂಪ್ಯೂಟರಿನ ಗಡಿಯಾರವೇ ಹಿಂದೆ ಬಿದ್ದಿದೆ ಎಂದು ನನಗೆ ಹೊಳೆದದ್ದು ಆಗ. ಮನೆಯಲ್ಲಿ ಪರೀಕ್ಷಿಸಿದಾಗಿನಂತೆ ಸುಮ್ಮನಿದ್ದಾಗ ಅದು ಫೋನಿನ ಜೊತೆಯಲ್ಲೇ ನಡೆಯುತ್ತಿತ್ತು. ಕ್ಯಾಮೆರಾದ ಚಿತ್ರಗಳ ಲೆಕ್ಕ ಶುರುವಾದೊಡನೆ ನಿಧಾನವಾಗುತ್ತಿತ್ತು. ಅದು ಒಳಗಿನ ಮಿಡಿತಗಳನ್ನು ಎಣಿಸಿ ಸಮಯ ಹೇಳುತ್ತದೆ. ಕೆಲಸ ಹೆಚ್ಚಾದಾಗ ಎಣಿಕೆಯಲ್ಲಿ ಕೆಲವನ್ನು ಬಿಟ್ಟುಬಿಡುತ್ತಿತ್ತು. ತನ್ನದೇ ಬ್ಯಾಟರಿಯಿರುವ ಪುಟ್ಟ ಗಡಿಯಾರದ ಚಿಪ್ ಒಂದನ್ನು ಮಂಡ್ಯದಿಂದ ತಂದು ಜೋಡಿಸಿ, ಸಮಯವನ್ನು ಅದರಿಂದಲೇ ಓದುವಂತೆ ಮಾಡಿದೆ.

ಆಮೇಲೆ ಒಂದು ಕೊಪ್ಪರಿಗೆಯೂ ಸೀಯಲಿಲ್ಲ. ಪಕ್ಕದೂರಿನ ಆಲೆಮನೆಯವರು ನೋಡಲು ಬಂದಾಗ ಚಿಕ್ಕಪ್ಪ ಬಿಸಿ ಬೆಲ್ಲ ಮುರಿದು ಅವರ ಕೈಗಿಟ್ಟು, “ನಮ್ ಉಡ್ಗಿ ಮಾಡಿದ್ದು ಕಣ್ರಲಾ. ನಿಮ್ಗೂ ಬೇಕಾದ್ರೆ ಅವಳ್ನೇ ಕೇಳಿ, ನನ್ನಲ್ಲ,” ಎಂದರು. ಅಷ್ಟು ಬೀಗಿದ ದಿನ ನನ್ನ ಬದುಕಿನಲ್ಲಿ ಇನ್ನೊಂದಿಲ್ಲ.

ಅವರೆಲ್ಲ ಹೋದ ಮೇಲೆ ತಂತಿಯ ವಿಷಯ ಹೇಳಿ, “ಚಿಕ್ಕಪ್ಪ, ಅವತ್ತು ಗಂಟೆ ಸದ್ದು ಯಾವ ಕಡೆಯಿಂದ ಬಂತು?” ಎಂದು ಕೇಳಿದೆ. ಅವರು ಕೈ ಎತ್ತಿ ಏನೋ ತೋರಿಸಲು ಹೊರಟು, ಅರ್ಧಕ್ಕೇ ನಿಲ್ಲಿಸಿದರು. ಆ ಕೈಯನ್ನೇ ಸ್ವಲ್ಪ ಹೊತ್ತು ನೋಡಿಕೊಂಡು, ಪಂಚೆಗೆ ಒರೆಸಿಕೊಂಡು ಗಾಣದ ಕಡೆ ನಡೆದರು.