ದಪ್ಪಕ್ಕಿ ಮೊದಲು

ಬೆಳಗಿನ ಐದಕ್ಕೆಲ್ಲ ನಂಜನಗೂಡಿನ ಈ ಚರ್ಚಿನ ಹಿಂದುಗಡೆ ಒಲೆ ಹೊಗೆಯಾಡುತ್ತದೆ. ತಗಡು ಹೊದಿಸಿದ ಸಣ್ಣ ಮಾಡಿನ ಕೆಳಗೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂದು ಕಾಲು ಚಾಚಿಕೊಂಡು ಮರಿತಾಯಮ್ಮ ಕೂತಿದ್ದಾರೆ. ಕಾಲು ಚಾಚಿದ್ದು ಗತ್ತಿಗೇನಲ್ಲ, ಪಾಪ, ಮೊಣಕಾಲು ಮಡಿಸಲು ಬರುವುದಿಲ್ಲ. ಮುಂದೆ ಎರಡು ಮೊರ ಇವೆ. ಒಂದರಲ್ಲಿ ದಪ್ಪಕ್ಕಿ, ಇನ್ನೊಂದರಲ್ಲಿ ಸಣ್ಣಕ್ಕಿ. ನೀರು ಕುದಿಯುತ್ತಿದ್ದಂತೆ ದಪ್ಪಕ್ಕಿಯ ಮೊರ ಪಾತ್ರೆಗೆ ಬಗ್ಗುತ್ತದೆ. ಸಣ್ಣಕ್ಕಿ ಇನ್ನೂ ಇಪ್ಪತ್ತು ನಿಮಿಷ ತನ್ನ ಸರದಿ ಕಾಯಬೇಕು.

“ಎಲ್ಲಾನೂ ಒಟ್ಗೆ ಸುರುದ್ರೆ ಸಣ್ಣದು ಅಂಟಂಟಾಯ್ತದೆ, ದಪ್ಪದು ಬೇಯೋದೇ ಇಲ್ಲ ಕಣ್ರೀ. ಯಾವ್ದು ಬೇಯಾಕೆ ಜಾಸ್ತಿ ಟೈಮ್ ಬೇಕೋ ಅದು ಮೊದ್ಲು,” ಅನ್ನುತ್ತಾರೆ, ಒಲೆಯ ಮೇಲಿನ ಕಣ್ಣು ಕೀಳದೆ.

ಒಂದೇ ಗಂಜಿಗೆ ಎರಡು ಥರದ ಅಕ್ಕಿ ಯಾಕೆ ಅಂದರೆ, ಇದು ಮೂವತ್ತೈದು ಮನೆಗಳ ಅಕ್ಕಿ. ಅದರಲ್ಲಿ ಮೂವತ್ತನಾಲ್ಕು ಈ ಚರ್ಚಿನ ಸಭೆಯವರದು, ಉಳಿದ ಒಂದು ಮನೆಯ ಕತೆ ಆಮೇಲೆ ಬರುತ್ತದೆ. ಹೆಂಗಸರು ದಿನಾ ಅಡುಗೆಗೆ ಅಕ್ಕಿ ಅಳೆದುಕೊಂಡ ಮೇಲೆ ಅದರಿಂದಲೇ ಒಂದು ಹಿಡಿ ತೆಗೆದು ಬೇರೆ ಡಬ್ಬಕ್ಕೆ ಹಾಕುತ್ತಾರೆ. ಹಿಡಿ ಅಕ್ಕಿ ಅಂತಲೇ ಇದಕ್ಕೆ ಹೆಸರು. ಶನಿವಾರ ಸಂಜೆ ಮರಿತಾಯಮ್ಮ ಎರಡು ಚೀಲ ಹಿಡಿದು ಮನೆಮನೆಯ ಮೆಟ್ಟಿಲು ಹತ್ತಿ ಇಳಿಯುತ್ತಾರೆ. ಭಾನುವಾರದ ಆರಾಧನೆಯಲ್ಲಿ ಆ ಚೀಲಗಳು ಎಲ್ಲರ ಮುಂದಿರುತ್ತವೆ; ಸಭೆಯ ಪಾದ್ರಿಗಳು, ಇಲ್ಲಿನವರ ಬಾಯಲ್ಲಿ ಅಯ್ಯನೋರು, ಅವುಗಳ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಸೋಮವಾರದಿಂದ ಅದು ಗಂಜಿ. ತಳ್ಳುಗಾಡಿಯಲ್ಲಿ ಪಾತ್ರೆ ಇಟ್ಟುಕೊಂಡು ಆರೂವರೆಗೆ ಆಸ್ಪತ್ರೆ ಸೇರಿದರೆ ನಲವತ್ತು ಲೋಟ ಖರ್ಚಾಗುತ್ತದೆ. ಯಾವ ಜಾತಿ, ಯಾವ ದೇವರು ಅಂತ ಅಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಎಂಟಕ್ಕೆ ಮರಿತಾಯಮ್ಮ ಪುಟ್ಟಬಸವಯ್ಯನವರ ಗಿರಣಿಯಲ್ಲಿ ಅಕ್ಕಿ ಕೇರಲು ಹಾಜರ್. ವಾರಕ್ಕೆ ಆರು ದಿನ ಹೀಗೆ, ಹದಿನೈದು ವರ್ಷದಿಂದ.

ಹುಟ್ಟಿದ್ದು ಹೆಮ್ಮಿಗೆಯಲ್ಲಿ, ಮದುವೆಯಾಗಿ ಬಂದದ್ದು ನಂಜನಗೂಡಿಗೆ. ಗಂಡ ಗಿರಣಿಯಲ್ಲೇ ಮೂಟೆ ಹೊರುತ್ತಿದ್ದವರು. ಹದಿನೈದು ವರ್ಷದ ಹಿಂದೆ ಹೆಂಡತಿಯ ತವರಿಗೆ ಹೋದವರು ಅಲ್ಲೇ ಕಾಯಿಲೆ ಬಿದ್ದು ತಿ. ನರಸೀಪುರದ ಆಸ್ಪತ್ರೆ ಸೇರಿದರು. ಐದು ದಿನ ಮರಿತಾಯಮ್ಮ ಮಂಚದ ಕೆಳಗೆ ಕೂತೇ ಕಳೆದರು.

“ಪಕ್ಕದ್ ಮಂಚದೋರ ಕಡೆಯಾಕೆ ಒಂದ್ ಲೋಟ ಗಂಜಿ ಕೊಟ್ಟು, ಕುಡಿಯವ್ವ, ನೀನೂ ಬಿದ್ದೋದ್ರೆ ಅವ್ನ ನೋಡೋರ್ಯಾರು ಅಂದ್ಳು. ಕುಡುದ್ಮೇಲೆ ಅಳು ಬಂದ್ಬುಡ್ತು. ಅವ್ಳ ಎಸ್ರೂ ಕೇಳ್ನಿಲ್ಲ ನಾನು,” ಎಂದು ನೆನೆಯುತ್ತಾರೆ.

ಗಂಡ ಉಳಿಯಲಿಲ್ಲ. ಊರಿಗೆ ಮರಳಿದ ಮರಿತಾಯಮ್ಮ ಚರ್ಚಿನ ಹೆಂಗಸರ ಕೂಟದಲ್ಲಿ ಎದ್ದು ನಿಂತರು. ಆಗೆಲ್ಲ ಹಿಡಿ ಅಕ್ಕಿ ವರ್ಷಪೂರ್ತಿ ಕೂಡಿ ಕ್ರಿಸ್ಮಸ್ ಊಟಕ್ಕೆ ಹೋಗುತ್ತಿತ್ತು. “ಅಬ್ಬದ್ ದಿನ ನಾವೆಂಗೂ ಉಣ್ತೀವಿ. ಆಸ್ಪತ್ರೇಲಿ ಬಿದ್ದಿರೋರ್ಗೆ ಯಾವಬ್ಬ?” ಅಂದರಂತೆ. ಅಂದಿನಿಂದ ಹಿಡಿ ಅಕ್ಕಿ ಊರಿನ ಆಸ್ಪತ್ರೆಯ ಗಂಜಿಗೆ ತಿರುಗಿತು.

ಮೊದಲ ದಿನದ ಗಂಜಿ ಮಾತ್ರ ಕೆಟ್ಟಿತು. ಎಲ್ಲರ ಅಕ್ಕಿಯನ್ನೂ ಒಂದೇ ಸಲ ಸುರಿದುಬಿಟ್ಟಿದ್ದರು. ಹಲ್ಲಿಲ್ಲದ ಮುದುಕ ಕರಿಯಯ್ಯ ಒಂದು ಗುಟುಕು ಬಾಯಿಗಿಟ್ಟು, “ತಾಯಿ, ಇದು ಗಂಜಿಯೋ ಜಲ್ಲಿಯೋ?” ಅಂದ. ಇಡೀ ವಾರ್ಡು ನಕ್ಕಿತು. ಮರಿತಾಯಮ್ಮನವರೂ ನಕ್ಕರು, ಆಮೇಲೆ ಹೊರಗೆ ಬಂದು ಕಣ್ಣೊರೆಸಿಕೊಂಡರು. ಮಾರನೇ ವಾರದಿಂದ ಚೀಲ ಎರಡಾಯಿತು. ಗಿರಣಿಯಲ್ಲಿ ಪಳಗಿದ ಕೈ, ಕತ್ತಲಲ್ಲಿ ಕೊಟ್ಟರೂ ಅಂಗೈಯಲ್ಲಿ ಉಜ್ಜಿ ಯಾವ ಅಕ್ಕಿ ಅಂತ ಹೇಳಿಬಿಡುತ್ತದೆ. ರೇಷನ್ ಅಂಗಡಿಯ ಅಕ್ಕಿ ಉಣ್ಣುವ ಮನೆಗಳದ್ದೆಲ್ಲ ದಪ್ಪಕ್ಕಿಯ ಚೀಲಕ್ಕೆ ಬೀಳುತ್ತದೆ.

ಎರಡು ವರ್ಷದ ಹಿಂದೆ ಪುಟ್ಟಬಸವಯ್ಯನವರ ತಾಯಿ ಎಂಟು ದಿನ ಅದೇ ವಾರ್ಡಿನಲ್ಲಿ ಮಲಗಿದ್ದರು. ಬೇರೆ ಏನು ಕೊಟ್ಟರೂ ಒಳಗೆ ನಿಲ್ಲದು, ಈ ಗಂಜಿ ಮಾತ್ರ ನಿಂತಿತು. ಮಗನಿಗೆ ಕಣ್ಣು ತುಂಬಿ ಬಂತು. “ಇನ್ಮೇಲೆ ನಮ್ ಗಿರಣಿಯಿಂದ್ಲೇ ಸಣ್ಣಕ್ಕಿ ಮೂಟೆ ಬರ್ತದೆ. ಆ ಕಾಲು ಎಳ್ಕೊಂಡು ಬೀದಿ ಸುತ್ತಬ್ಯಾಡ,” ಅಂದರು. ಇನ್ನು ಹಿಡಿ ಅಕ್ಕಿ ಎತ್ತಿಡುವುದು ಬೇಡ ಅಂತ ಭಾನುವಾರ ಚರ್ಚಿನಲ್ಲಿ ಹೇಳಿದ್ದೂ ಆಯಿತು, ಎಲ್ಲರೂ ಸಂತೋಷಪಟ್ಟದ್ದೂ ಆಯಿತು.

“ಸುಳ್ಳ್ಯಾಕೇಳ್ಲಿ, ಎಲ್ರಿಗಿಂತ ಜಾಸ್ತಿ ನಂಗೇ ಖುಷಿ. ಮೂಟೆ ಬಿಚ್ಚು, ತೊಳಿ, ಆಕು. ಜೀವ ಆಯಾಗಿತ್ತು.”

ಆ ಭಾನುವಾರ ಚರ್ಚಿಗೆ ಬಾರದಿದ್ದವರು ಒಬ್ಬರೇ, ಮಾದಮ್ಮ. ಎಪ್ಪತ್ತು ದಾಟಿದ ಒಂಟಿ ಜೀವ. ಕೂಲಿ ಸಿಕ್ಕ ದಿನ ಕೂಲಿ, ಸಿಗದ ದಿನ ಉಪವಾಸ. ನರಸೀಪುರದ ಕಡೆ ನಾಟಿಗೆ ಹೋಗಿದ್ದವರಿಗೆ ವಾಪಸ್ಸು ಬಂದ ಮೇಲೂ ಯಾರೂ ವಿಷಯ ತಿಳಿಸಲಿಲ್ಲ. ಮರಿತಾಯಮ್ಮನವರೇ ಮರೆತರು. ಮಾದಮ್ಮ ಎರಡು ಭಾನುವಾರ ಬಂದು ಹಿಂದಿನ ಬೆಂಚಿನಲ್ಲಿ ಕೂತು ಹೋದರು. ಆಮೇಲೆ ಬರುವುದನ್ನೇ ಬಿಟ್ಟರು.

ಹುಷಾರಿಲ್ಲವೇನೋ ಅಂತ ಮರಿತಾಯಮ್ಮ ಹುಡುಕಿಕೊಂಡು ಹೋದರೆ, ಆ ಮನೆಯ ಮೂಲೆಯಲ್ಲಿ ಬಟ್ಟೆ ಕಟ್ಟಿದ ಮಡಕೆ. ಒಳಗೆ ಒಂಬತ್ತು ವಾರದ ಹಿಡಿ ಅಕ್ಕಿ, ಹುಳ ಬಿದ್ದು ಓಡಾಡುತ್ತಿದೆ.

“ಪ್ರತಿ ಶನಿವಾರ ಬಾಗ್ಲಲ್ಲೇ ಕೂತಿದ್ದೆ ಕಣವ್ವ. ನನ್ ರೇಷನ್ ಅಕ್ಕೀಲಿ ಕಲ್ಲಿರ್ತದೆ ಅಂತ ಬುಟ್ಬುಟ್ರಾ?” ಅಂದರು ಮಾದಮ್ಮ. “ಕಾಣ್ಕೆ ಚೀಲ ಬಂದಾಗ ಬರೀ ಕೈಲಿ ಕೂರೋಳು ನಾನು. ಅದೊಂದ್ ಇಡೀನೇ ನಂದು ಅಂತ ಇದ್ದದ್ದು. ಅದೂ ಬ್ಯಾಡ್ವಾದ್ಮೇಲೆ ಯಾವ್ ಮೊಕ ಇಟ್ಕೊಂಡು ಬರ್ಲಿ?”

ಇದನ್ನು ಹೇಳುವಾಗ ಮರಿತಾಯಮ್ಮನವರ ಕೈ ಮೊರದ ಮೇಲೆ ನಿಂತುಬಿಡುತ್ತದೆ. “ನನ್ ಕಾಲ್ನೋವು ನೋಡ್ಕೊಂಡೆನೇ ಒರ್ತು ಅವ್ಳ ನೋಡ್ನಿಲ್ಲ. ಒಬ್ರೇ ಕೊಟ್ಬುಟ್ರೆ ಮಿಕ್ಕೋರೆಲ್ಲ ಬರೀ ಕೈಯೋರೇ ಆಗೋಯ್ತಾರೆ.”

ಅವತ್ತು ಇಬ್ಬರೂ ಹೊಸ್ತಿಲಲ್ಲಿ ಕೂತು ಅಕ್ಕಿ ಬಿಸಿಲಿಗೆ ಹರಡಿದರು, ಹುಳ ಆರಿಸಿದರು, ಕಲ್ಲು ಆರಿಸಿದರು. ಮಾರನೇ ದಿನದ ಗಂಜಿ ಅದರದ್ದೇ. ನಲವತ್ತು ಲೋಟವೂ ಖಾಲಿಯಾಯಿತು.

ಆದರೆ ಮುಂದಿನದು? ದುಡಿಮೆ ಕೊಟ್ಟ ಯಜಮಾನರ ಮೂಟೆಯನ್ನು ಬೇಡ ಅನ್ನುವುದು ಹುಡುಗಾಟವೇ? ಚರ್ಚಿನ ಹಿರಿಯರೂ ಮುಖ ಗಂಟಿಕ್ಕಿದರು. ಮರಿತಾಯಮ್ಮ ರಾತ್ರಿಯೆಲ್ಲ ಪ್ರಾರ್ಥನೆ ಮಾಡಿ, ಬೆಳಿಗ್ಗೆ ಗಿರಣಿಗೆ ಹೋಗಿ ಕೈ ಕಟ್ಟಿ ನಿಂತರು. “ಯಜಮಾನ್ರೇ, ಮೂಟೆ ಬ್ಯಾಡ. ನಿಮ್ಮನೇಲೂ ದಿನಾ ಒಂದಿಡಿ ತೆಗ್ದಿಡಿ. ಶನಿವಾರ ನಾನೇ ಬಂದು ಇಸ್ಕೋತೀನಿ,” ಎಂದು ಕೇಳಿಕೊಂಡು, ಮಾದಮ್ಮನ ಮಡಕೆಯ ವಿಷಯವನ್ನೂ ಹೇಳಿದರು.

ಪುಟ್ಟಬಸವಯ್ಯ ಎದ್ದು ಒಳಗೆ ಹೋದರು. ಕೆಲಸ ಹೋಯಿತು ಅಂತಲೇ ಮರಿತಾಯಮ್ಮ ಲೆಕ್ಕ ಹಾಕಿದ್ದರು. ಮೂರನೇ ದಿನ ಮೂಟೆಗಳ ನಡುವೆ ಹಾದುಹೋಗುತ್ತಾ ಯಜಮಾನರು ನಿಂತರು. “ಶನಿವಾರ ನಮ್ಮನೇ ತಾವ್ಕೆ ಎಷ್ಟೊತ್ಗೆ ಬತ್ತೀಯ? ನಮ್ಮಮ್ಮ ಕೇಳ್ತಾವ್ಳೆ. ಆಗ್ಲೇ ಡಬ್ಬ ಮಡಗವ್ಳೆ.”

ಅದೇ ಮೂವತ್ತೈದನೆಯ ಮನೆ.

ಏನಾದರೂ ಆಸೆ ಇದೆಯಾ ಅಂದರೆ ಮರಿತಾಯಮ್ಮ ತುಂಬ ಯೋಚನೆ ಮಾಡುತ್ತಾರೆ. “ಈ ಮೊಣಕಾಲು ಶನಿವಾರ ಒಂದಿನ ಸುಮ್ಕಿದ್ರೆ ಸಾಕು,” ಅಂದು ನಗುತ್ತಾರೆ. ಮಿಕ್ಕ ದಿನ ಎಷ್ಟು ಬೇಕಾದರೂ ನೋಯಲಿ ಅನ್ನುವ ಧಾಟಿ.

ಆರೂವರೆ. ವಾರ್ಡಿನ ಮೂರನೇ ಮಂಚದಲ್ಲಿ ಈಗ ಮಾದಮ್ಮನವರೇ ಮಲಗಿದ್ದಾರೆ, ಉಬ್ಬಸ ಜೋರಾಗಿ ಸೋಮವಾರ ಸೇರಿದ್ದು. ಮರಿತಾಯಮ್ಮ ಬೆನ್ನಿಗೆ ಕೈಕೊಟ್ಟು ಎಬ್ಬಿಸಿ ಕೂರಿಸುತ್ತಾರೆ, ಲೋಟವನ್ನು ಊದಿ ಆರಿಸಿ ತುಟಿಗೆ ಹಿಡಿಯುತ್ತಾರೆ. ಮಾದಮ್ಮ ಕುಡಿಯುವುದಿಲ್ಲ. ಲೋಟದ ಅಂಚಿನ ಮೇಲಿಂದ ನೋಡುತ್ತಾ ಕೇಳುತ್ತಾರೆ:

“ನನ್ನಕ್ಕಿ ಬಿತ್ತೇನವ್ವ ಇವತ್ತು?”

“ಬಿತ್ತು ಕಣಕ್ಕ. ದಿನಾ ಮೊದ್ಲು ಬೀಳೋದೇ ನಿಂದು.”

ಮಾದಮ್ಮ ಲೋಟವನ್ನು ತಾವೇ ಎರಡೂ ಕೈಯಲ್ಲಿ ಹಿಡಿದುಕೊಂಡು ಕುಡಿಯುತ್ತಾರೆ.