ಒತ್ರಾಂತೊದ ಆನೆ, ಸುಸ್ತಾದ ಅಜ್ಜಿ

ಇವತ್ತು ಬೆಳಿಗ್ಗೆ ಮೊಸರು ತೆಗೆಯಲು ಫ್ರಿಜ್ಜಿನ ಬಾಗಿಲು ಎಳೆದೆ ನೋಡಿ, ಅದರ ಮೇಲಿದ್ದ ಆನೆ ಟಪ್ಪನೆ ಕೆಳಗೆ ಬಿತ್ತು. ಗಾಬರಿಯಾಗಬೇಡಿ, ಬಿಸ್ಕತ್ತಿನಷ್ಟು ಗಾತ್ರದ ಆನೆ. ಬೆನ್ನಿಗೆ ಅಯಸ್ಕಾಂತ ಕೂರಿಸಿ ಮಾಡಿದ್ದು. ಎತ್ತಿ ನೋಡಿದರೆ ಒಂದು ಕಿವಿ ಮುರಿದಿತ್ತು. ಮಗಳು ಸುಮಾ ಡ್ಯೂಟಿಗೆ ಹೊರಡುವ ಆತುರದಲ್ಲಿದ್ದಳು. "ಬಿಸಾಕಮ್ಮ ಅದನ್ನ. ಹವಲ್ಲಿಗೆ ಹೋದಾಗ ಬೇರೆ ತರೋಣ" ಅಂದಳು. ಕುವೈತಿನ ಹವಲ್ಲಿ ಪೇಟೆಯ ಅಂಗಡಿಗಳಲ್ಲಿ ಫೋನು ಸಿಗುತ್ತದೆ, ಫೋನಿಗೆ ತೊಡಿಸುವ ಅಂಗಿ ಸಿಗುತ್ತದೆ. ಈ ಆನೆ ಎಲ್ಲಿ ಸಿಗಬೇಕು? ಮುರಿದ ಕಿವಿಯನ್ನು ಸಾಸಿವೆ ಡಬ್ಬಿಯ ಪಕ್ಕ ಇಟ್ಟು, ಒಂಟಿ ಕಿವಿಯ ಆನೆಯನ್ನು ಅದರ ಜಾಗಕ್ಕೇ ಅಂಟಿಸಿದೆ. ಅದರ ಕಿವಿ ಮೊದಲೂ ಸರಿಯಿರಲಿಲ್ಲ. ಅದರಿಂದಲೇ ಅದು ನನಗೆ ಅಷ್ಟು ಹತ್ತಿರದ್ದು. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಕೂತುಕೊಳ್ಳಿ.

ನಾನು ಶ್ರೀರಂಗಪಟ್ಟಣದವಳು. ಓದಿದ್ದು ನಾಲ್ಕನೇ ಕ್ಲಾಸು. ಪೇಪರನ್ನು ಕೂಡಿಸಿಕೊಂಡು ಓದುತ್ತೇನೆ. ಬರೆಯಲು ಕೂತರೆ ಸಾಲು ತಾನಾಗಿ ಮೇಲಕ್ಕೆ ಹತ್ತುತ್ತದೆ. ಕುವೈತಿಗೆ ಬಂದಿದ್ದು ಮೊಮ್ಮಗಳನ್ನು ನೋಡಿಕೊಳ್ಳಲು, ಅವಳಿನ್ನೂ ತೊಟ್ಟಿಲಲ್ಲಿದ್ದಾಗ. ಮಗಳಿಗೆ ಆಸ್ಪತ್ರೆಯಲ್ಲಿ ಕೆಲಸ, ಅಳಿಯಂದಿರು ಶುಐಬಾದ ಕಾರ್ಖಾನೆಯಲ್ಲಿ ಎಂಜಿನಿಯರು. ಅಬು ಹಲೀಫಾದ ಈ ಮನೆಯ ಬಾಲ್ಕನಿಯಿಂದ ಕಡಲು ಕಾಣುತ್ತದೆ. ಬೇರೆ ಮಕ್ಕಳಿಗೆ ಚಂದಮಾಮನನ್ನು ತೋರಿಸಿ ತುತ್ತಿಡುತ್ತಾರೆ. ನಾನು ದೂರದಲ್ಲಿ ನಿಂತ ಎಣ್ಣೆ ಹಡಗನ್ನು ತೋರಿಸಿ ತುತ್ತಿಟ್ಟವಳು. ಮಗುವಿಗೆ ಇಂಚರಾ ಅಂತ ಹೆಸರಿಟ್ಟಿದ್ದೂ ನಾನೇ. ಹಕ್ಕಿಯ ಹಾಗೆ ಇಂಪಾಗಿ ಮಾತಾಡಲಿ ಅಂತ ಆಸೆ.

ಮಾತಾಡುತ್ತಲೂ ಇದ್ದಳು, ಒಂದು ಯುಗಾದಿಯವರೆಗೆ. ಆಗ ಅವಳಿಗೆ ಏಳು ವರ್ಷ. ಮನೆ ತುಂಬ ನೆಂಟರಿಷ್ಟರು. ಒಬ್ಬಟ್ಟು ತಟ್ಟಿ ತಟ್ಟಿ ನಡು ಬಿದ್ದು ಹೋಗಿ ನಾನು ಒಳಗೆ ಹಾಗೇ ಅಡ್ಡಾಗಿದ್ದೆ. ಮಗಳ ಗೆಳತಿ ಪದ್ಮಾ ಬಾಗಿಲಲ್ಲೇ ಕೇಳಿದರು: "ಅಜ್ಜಿ ಎಲ್ಲಮ್ಮ, ಪುಟ್ಟಿ?" ಮಗು ಗಂಭೀರವಾಗಿ ಹೇಳಿತು: "ಅಜ್ಜಿ ಸತ್ತಿದ್ದಾರೆ." ಸುಸ್ತಾಗಿದ್ದಾರೆ ಅನ್ನಬೇಕಿತ್ತು, ಪಾಪ. ನಾಲಿಗೆ ಅಡ್ಡದಾರಿ ಹಿಡಿಯಿತು. ನಡುಮನೆ ತುಂಬ ಜನ ಬಿದ್ದು ಬಿದ್ದು ನಕ್ಕರು. ಗದ್ದಲ ಕೇಳಿ ನಾನು ಸೆರಗು ಸರಿಮಾಡಿಕೊಂಡು ಈಚೆ ಬಂದರೆ ಪದ್ಮಾ, "ಬನ್ನಿ ಬನ್ನಿ, ಸತ್ತವರೇ ಎದ್ದು ಬಂದ್ರಲ್ಲ!" ಅಂದರು. ಇನ್ನೊಂದು ಸಲ ನಗು. ಪದ್ಮಾ ಕೆಟ್ಟವರಲ್ಲ, ಬಾಯಿ ಸ್ವಲ್ಪ ಜೋರು. ಆದರೆ ಆಮೇಲೆ ಯಾರ ಮನೆಗೆ ಊಟಕ್ಕೆ ಹೋದರೂ ಆ ಮಾತು ನಮಗಿಂತ ಮುಂಚೆ ಹೋಗಿ ಕೂತಿರುತ್ತಿತ್ತು. ಮಗು ಎಲ್ಲ ಕೇಳಿಸಿಕೊಂಡಿತು. ಅವತ್ತಿನಿಂದ ಅವಳ ಕನ್ನಡ ಬಾಯಿಯಿಂದ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿತು.

ನಾನು ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನನ್ನ ಇಂಗ್ಲಿಷು 'ಯೆಸ್' ಅನ್ನುವಲ್ಲಿಗೆ ಮುಗಿಯುತ್ತದೆ. ಒಂದು ದಿನ ಅವಳು ಕತ್ತರಿ ಹಿಡಿದು ಏನೋ ಕೇಳಿದಳು, ನಾನು ಧಾರಾಳವಾಗಿ ಯೆಸ್ ಯೆಸ್ ಅಂದೆ. ಸಂಜೆ ನೋಡಿದರೆ ನನ್ನ ಹೊಸ ರವಿಕೆ ಕಣ ಅವಳ ಗೊಂಬೆಯ ಲಂಗವಾಗಿತ್ತು. ಅದಕ್ಕೆ ನನಗೆ ದುಃಖವಿಲ್ಲ. ಸ್ಕೂಲಿಂದ ಬಂದು ಕಣ್ಣು ಅರಳಿಸಿಕೊಂಡು ಏನೇನೋ ಹೇಳುವಳು, ಅರ್ಧಕ್ಕೇ ನನ್ನ ಮುಖ ನೋಡಿ ನಿಲ್ಲಿಸಿಬಿಡುವಳು. ಅವಳಮ್ಮ ಡ್ಯೂಟಿ ಮುಗಿಸಿ ಬರುವ ಹೊತ್ತಿಗೆ ಅದು ತಣ್ಣಗಾಗಿರುತ್ತಿತ್ತು. ಒಂದೇ ಮಂಚದಲ್ಲಿ ಮಲಗುವ ಮೊಮ್ಮಗಳ ಮನಸ್ಸಿನಲ್ಲಿ ಏನಿದೆ ಅಂತ ನಾನು ಇನ್ನೊಬ್ಬರನ್ನು ಕೇಳಿ ತಿಳಿಯಬೇಕಿತ್ತು. ನಾನು ಕಣ್ಣು ಮುಚ್ಚುವುದರೊಳಗೆ ಅವಳ ಬಾಯಿಂದಲೇ ಒಂದು ಕಥೆ ಕೇಳಬೇಕು ಅನ್ನುವುದೊಂದೇ ನನ್ನ ಆಸೆ. ದೇವರ ಮುಂದೆ ಬೇರೇನೂ ಕೇಳಿದವಳಲ್ಲ. ಮಂಡಿನೋವಿನ ವಿಷಯ ಆಗಾಗ ಕೇಳಿದ್ದುಂಟು.

ಹೀಗಿರುವಾಗ ಹೋದ ಈದ್ ರಜೆಗೆ ಅಳಿಯಂದಿರು ಇಟಲಿ ಅಂದರು. ಅವರು ಆರಿಸಿದ್ದು ಒತ್ರಾಂತೊ ಅನ್ನುವ ಊರು. ಕಡಲ ಮೇಲೆ ಬೆಳ್ಳಗೆ ಕೂತಿರುವ ಸಣ್ಣ ಊರು. ಕೋಟೆ ಇದೆ, ಹಳೆಯ ದೊಡ್ಡ ಇಗರ್ಜಿ ಇದೆ. ಸೀರೆಯ ಕೆಳಗೆ ಬೂಟು ಹಾಕಿಕೊಂಡು ನಾನೂ ಹೊರಟೆ.

ನನಗೆ ಒಂದು ವಿಚಿತ್ರ ಅನ್ನಿಸಿದ್ದು ಕೇಳಿ. ನಾನು ಹುಟ್ಟಿ ಬೆಳೆದದ್ದು ಬೇರೆಯವರು ನೋಡಲು ಬರುವ ಊರಿನಲ್ಲಿ. ನಮ್ಮಪ್ಪ ಜಟಕಾ ಗಾಡಿ ಹೊಡೆಯುತ್ತಿದ್ದರು. ರೈಲು ಇಳಿದವರನ್ನು ಕೂರಿಸಿಕೊಂಡು ಕೋಟೆ, ನೀರು ಬಾಗಿಲು, ಗುಂಬಜು ಎಲ್ಲ ತೋರಿಸಬೇಕು. ಒಮ್ಮೊಮ್ಮೆ ನನ್ನನ್ನೂ ಮುಂದೆ ಕೂರಿಸಿಕೊಳ್ಳುತ್ತಿದ್ದರು. ಬಿಳಿಯರು ಬಂದರೆ ಅಪ್ಪನ ಇಂಗ್ಲಿಷು ಕುದುರೆಗಿಂತ ಜೋರಾಗಿ ಓಡುತ್ತಿತ್ತು: "ಸುಲ್ತಾನ್ ಹಿಯರ್ ಫೈಟಿಂಗ್ ಸಾರ್, ಫೈಟಿಂಗ್ ಫೈಟಿಂಗ್, ದೆನ್ ಸ್ಲೀಪಿಂಗ್. ಫುಲ್ ಸ್ಲೀಪಿಂಗ್!" ಸತ್ತ ಅನ್ನುವುದಕ್ಕೆ ಅಪ್ಪನಿಗೆ ಇಂಗ್ಲಿಷ್ ಮಾತು ಗೊತ್ತಿರಲಿಲ್ಲ. ಅವರು ನಗುವರು, ಅಪ್ಪನೂ ನಗುವರು. ನಕ್ಕವರೇ ಆಮೇಲೆ ಟೋಪಿ ತೆಗೆದು ಸುಮ್ಮನೆ ನಿಂತುಬಿಡುವರು. ಅಷ್ಟು ಕೋಟೆ ತೋರಿಸಿದ ಅಪ್ಪ ಇನ್ನೊಂದು ಊರಿನ ಕೋಟೆ ನೋಡಲಿಲ್ಲ. ಅವರ ಮಗಳು ನಾನು ಟಿಕೆಟ್ ಹಿಡಿದು ಇಟಲಿಯಲ್ಲಿ ನಿಂತಿದ್ದೆ.

ಅವತ್ತು ಬೆಳಿಗ್ಗೆ ಸುಮಾಗೆ ತಲೆನೋವು, ಹೋಟೆಲಿನಲ್ಲೇ ಉಳಿದಳು. ಇಗರ್ಜಿಯ ಬಾಗಿಲು ದಾಟುವಷ್ಟರಲ್ಲಿ ಅಳಿಯಂದಿರ ಫೋನು ಬಡಿದುಕೊಂಡಿತು. ರಜೆಯಲ್ಲೂ ಶುಐಬಾ ಅವರನ್ನು ಬಿಡುವುದಿಲ್ಲ. "ಎರಡೇ ನಿಮಿಷ ಅತ್ತೆ, ಇಂಚರಾ ಜೊತೆಗಿರಿ" ಅಂತ ಹೊರಗಿನ ಚೌಕಕ್ಕೆ ಹೋದವರು ಹೋದರು. ಗೈಡು ಹುಡುಗಿ ಇಂಗ್ಲಿಷಿನಲ್ಲಿ ಪಟಪಟ ಹೇಳುತ್ತಿದ್ದಳು. ನಾನು ಯಾರ ಮುಖವನ್ನೂ ನೋಡಲಾಗದೆ ನೆಲ ನೋಡಿದೆ.

ನೋಡಿದರೆ ನೆಲದ ತುಂಬ ಚಿತ್ರ! ಒಂದು ದೊಡ್ಡ ಮರ, ಬಾಗಿಲಿನಿಂದ ಹೊರಟು ದೇವರ ಕಡೆಗೆ ಉದ್ದಕ್ಕೂ ಬೆಳೆದಿದೆ. ಕೊಂಬೆಯಲ್ಲೆಲ್ಲ ಮನುಷ್ಯರು, ಮೃಗಗಳು. ಮರದ ಬುಡದಲ್ಲಿ, ನಿಮ್ಮಾಣೆ, ಎರಡು ಆನೆ!

"ಅಯ್ಯೋ, ಆನೆ ಕಣೇ! ಇಗರ್ಜಿಯೊಳಗೆ ಆನೆ ಯಾಕೆ ಬಂತೇ?" ಅಂದುಬಿಟ್ಟೆ. ಜಟಕಾ ಹೊಡೆಯುವವರ ಮನೆಯ ಗಂಟಲು. ಅಷ್ಟೂ ಜನ ತಿರುಗಿದರು. ಇಂಚರಾ ನನ್ನ ಕೈ ಹಿಡಿದು ಕಂಬದ ಮರೆಗೆ ಎಳೆದಳು. "ಶ್ಶ್, ಅಜ್ಜಿ, ಪ್ಲೀಸ್!"

"ಯಾಕೆ ಅಂತ ಹೇಳು, ಸುಮ್ಮನಾಗ್ತೀನಿ."

ಅವಳು ಗೈಡಿನ ಕಡೆ ನೋಡಿದಳು, ಬಾಗಿಲ ಕಡೆ ನೋಡಿದಳು. ಅಮ್ಮ ಇಲ್ಲ, ಅಪ್ಪನೂ ಇಲ್ಲ. ಆಮೇಲೆ ನನ್ನ ಕಿವಿಗೆ ಬಾಯಿಟ್ಟಳು. "ಅದು... ಜೀವದ ಮರ. ಒಬ್ರು ಸ್ವಾಮೀಜಿ ಮಾಡಿದ್ದು. ಚಿಕ್ಕ ಚಿಕ್ಕ ಕಲ್ಲು, ಪಝಲ್ ತರ. ಆನೆ ಮರನ ಎತ್ಕೊಂಡಿದೆ. ಸ್ವಾಮೀಜಿ ಆನೆ ನೋಡಿಲ್ಲ, ಅನ್ಸುತ್ತೆ. ಯಾರೋ ಹೇಳಿದ್ದು ಕೇಳಿ ಮಾಡಿದ್ರು."

ನಾಲ್ಕು ವರ್ಷದ ಮೇಲೆ! ಕಿವಿಯ ಹತ್ತಿರ ಆ ಬಿಸಿ ಉಸಿರು, ಆ ಕನ್ನಡ. ಕಂಬ ಹಿಡಿದುಕೊಂಡೆ. ಅಳಬಾರದು, ಅತ್ತರೆ ಮಗು ಹೆದರಿ ಬಾಯಿ ಮುಚ್ಚೀತು ಅಂತ ಆನೆಯನ್ನೇ ಬೈದೆ. "ಅದಕ್ಕೇ ಮತ್ತೆ! ಕಿವಿ ನೋಡು, ಕರುವಿನ ಕಿವಿ. ಕಾಲು ಎಮ್ಮೆಯದು. ಸೊಂಡಿಲು ಬಿಟ್ಟು ಎಲ್ಲ ತಪ್ಪು."

"ಆದ್ರೂ ನಿಂಗೆ ಆನೆ ಅಂತ ಗೊತ್ತಾಯ್ತಲ್ಲ?"

"ಗೊತ್ತಾಗದೆ ಏನು?"

ಅವಳು ಬಗ್ಗಿ ಆ ಆನೆಯನ್ನು ಬಹಳ ಹೊತ್ತು ನೋಡಿದಳು.

ಇಗರ್ಜಿಯ ಒಂದು ಪಕ್ಕದಲ್ಲಿ ಗಾಜಿನ ದೊಡ್ಡ ಬೀರುಗಳಿದ್ದವು. ಒಳಗೆ ಸಾಲು ಸಾಲಾಗಿ ತಲೆಬುರುಡೆ, ಮೂಳೆ. ಗೈಡು ದನಿ ತಗ್ಗಿಸಿದಳು. ನಾನು ಬೂಟು ಬಿಚ್ಚಿ ಪಕ್ಕಕ್ಕಿಟ್ಟೆ, ಅಭ್ಯಾಸ ನೋಡಿ. ಇಂಚರಾ ಶುರು ಮಾಡಿದಳು: "ಅಜ್ಜಿ, ತುಂಬಾ ಹಿಂದೆ ಕಡಲಿಂದ ಸೋಲ್ಜರ್ಸ್ ಬಂದ್ರು. ಯುದ್ಧ ಆಯ್ತು. ಇವರು ಈ ಊರಿನೋರು. ಇವರೆಲ್ಲ..." ಅಲ್ಲಿ ನಿಂತಳು. ಅವಳ ಮುಖ ಕೆಂಪಾಯಿತು. ಯಾವ ಮಾತಿನ ಬಾಗಿಲಲ್ಲಿ ನಿಂತಿದ್ದಾಳೆ ಅಂತ ನನಗೆ ತಿಳಿಯಿತು. ನಾನೇ ಹೇಳಿಕೊಡಬಹುದಿತ್ತು, ಹೇಳಲಿಲ್ಲ. ಹೇಳಿಕೊಟ್ಟರೆ ಅದು ನನ್ನ ಮಾತಾಗುತ್ತಿತ್ತು.

ಕೊನೆಗೆ ಅವಳು ಅಂದಳು: "ಇವರೆಲ್ಲ ಸುಸ್ತಾಗಿದ್ದಾರೆ."

ಫುಲ್ ಸ್ಲೀಪಿಂಗ್. ನಮ್ಮಪ್ಪ ಚಾಟಿ ಹಿಡಿದುಕೊಂಡು ನನ್ನ ಪಕ್ಕದಲ್ಲೇ ನಿಂತ ಹಾಗಾಯಿತು. ಆ ಬುರುಡೆಗಳನ್ನು ನೋಡಿದೆ. ಹೌದಲ್ಲ, ಎಷ್ಟು ಕಾಲದಿಂದ ಹೀಗೆ ಗಾಜಿನ ಹಿಂದೆ ನಿಂತು ಬಂದವರನ್ನೆಲ್ಲ ನೋಡುತ್ತಿದ್ದಾರೋ. "ಹೂಂ ಕಂದ," ಅಂದೆ, "ಬಹಳ ಸುಸ್ತಾಗಿದ್ದಾರೆ ಪಾಪ." ಇಬ್ಬರೂ ಕೈ ಮುಗಿದೆವು. ನಾನು ನಗಲಿಲ್ಲ. ನಗು ಬರಲೂ ಇಲ್ಲ.

ಹೊರಗೆ ಬಿಸಿಲಿಗೆ ಬಂದಾಗ ಅವಳೇ ನನ್ನ ಸೆರಗು ಜಗ್ಗಿದಳು. "ಅಜ್ಜಿ, ನಾನು ಆ ವರ್ಡ್ ಉಲ್ಟಾ ಹೇಳ್ದೆ, ಅಲ್ವಾ?"

"ಹೇಳ್ದೆ."

"ನೀನು ನಗ್ಲಿಲ್ಲ."

"ಕಿವಿ ತಪ್ಪಿತ್ತು. ಆನೆ ಗೊತ್ತಾಯ್ತು."

ಆಗ ನಕ್ಕಳು ನೋಡಿ! ಚೌಕದಲ್ಲಿ ಇನ್ನೂ ಫೋನಿನಲ್ಲೇ ಇದ್ದ ಅವರಪ್ಪ ಗಾಬರಿಯಿಂದ ತಿರುಗಿ ನೋಡುವಷ್ಟು. ಆಮೇಲೆ ಕಟ್ಟೆ ಒಡೆದ ಹಾಗೆ. ಕೋಟೆಗೆ ಹೋದರೆ "ಇದು ರಾಜನ ಗಟ್ಟಿ ಮನೆ", ಕಂದಕಕ್ಕೆ "ನೀರಿಲ್ಲದ ನೀರಿನ ಗುಂಡಿ". ಕಡಲ ಕಟ್ಟೆಯ ಮೇಲೆ ಕೂತು ಐಸ್‌ಕ್ರೀಮ್ ತಿನ್ನುತ್ತ, "ಇಟಲಿಲಿ ಸೂರ್ಯ ಫಸ್ಟ್ ಈ ಊರಿಗೇ ಬರ್ತಾನಂತೆ ಅಜ್ಜಿ, ಆಮೇಲೆ ಬೇರೆಯವರಿಗೆ" ಅಂದಳು. ಅಲ್ಲಿಂದ ಮಾತು ಕುವೈತಿಗೆ ಬಂತು, ಸ್ಕೂಲಿಗೆ ಬಂತು. ಗಣಿತದ ಟೀಚರ್ ಕಂಡರೆ ಭಯವಂತೆ. ಲೆಬನಾನಿನ ಒಬ್ಬಳು ಗೆಳತಿ ಊರಿಗೆ ಹೋದವಳು ಮತ್ತೆ ಬರಲಿಲ್ಲವಂತೆ. ಅದನ್ನು ಯಾರಿಗೂ ಹೇಳಿರಲಿಲ್ಲವಂತೆ. ನನ್ನ ಐಸ್‌ಕ್ರೀಮ್ ಕರಗಿ ಮೊಣಕೈವರೆಗೆ ಇಳಿಯಿತು. ಒರೆಸಿಕೊಳ್ಳಲಿಲ್ಲ, ಅಲ್ಲಾಡಿದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಅಂತ. ಒತ್ರಾಂತೊದಲ್ಲಿ ಏನು ನೋಡಿದಿರಿ ಅಂತ ಕೇಳಿದವರಿಗೆ ನಾನು ಕೋಟೆ, ಇಗರ್ಜಿ ಅನ್ನುತ್ತೇನೆ. ನಿಜ ಹೇಳಬೇಕೆಂದರೆ ನಾನು ನೋಡಿದ್ದು ಒಂದು ಹುಡುಗಿಯ ಬಾಯನ್ನು.

ಆ ಸಂಜೆ ಅಂಗಡಿಯಲ್ಲಿ ಅವಳೇ ಹುಡುಕಿ ಈ ಆನೆ ತಂದಳು. ಕರುವಿನ ಕಿವಿಯದ್ದೇ ಬೇಕು ಅಂತ ಹಟ.

ಇಷ್ಟು ಬರೆಯುವಷ್ಟರಲ್ಲಿ ನಡು ಹಿಡಿದು, ಏಸಿ ಹಾಕಿಕೊಂಡು ಮಂಚದ ಮೇಲೆ ಅಡ್ಡಾದೆ. ಸ್ವಲ್ಪ ಹೊತ್ತಿಗೆ ಬೆಲ್ ಆಯಿತು. ಬಾಗಿಲು ತೆಗೆದದ್ದು ಇಂಚರಾ, ದನಿ ಪದ್ಮಾರದ್ದು. ಪಾತ್ರೆ ವಾಪಸು ಕೊಡಲು ಬಂದಿದ್ದರು.

"ಅಜ್ಜಿ ಎಲ್ಲಮ್ಮ, ಪುಟ್ಟಿ?"

ಅದೇ ಬಾಗಿಲು, ಅದೇ ಪ್ರಶ್ನೆ. ಎದ್ದು ಓಡಿ ನಾನೇ ಉತ್ತರ ಹೇಳಿಬಿಡಲೇ ಅಂತ ಒಂದು ಕಾಲು ಕೆಳಗಿಟ್ಟೆ.

"ಅಜ್ಜಿ ಸತ್ತಿದ್ದಾರೆ, ಆಂಟಿ."

ಆಮೇಲೆ ಕಿಲಕಿಲ ನಗು, ಮೊದಲು ನಮ್ಮ ಹುಡುಗಿಯದ್ದೇ. "ಇಲ್ಲ ಆಂಟಿ, ಸುಮ್ನೆ. ಸುಸ್ತಾಗಿದ್ದಾರೆ. ಬನ್ನಿ, ಕೂತ್ಕೊಳ್ಳಿ, ನಮ್ಮ ಆನೆ ಕಿವಿ ಮುರಿದಿದೆ ನೋಡಿ. ಆ ಆನೆ ಕಥೆ ಗೊತ್ತಾ ನಿಮಗೆ? ಒಬ್ರು ಸ್ವಾಮೀಜಿ ಇದ್ರು..."

ಕೆಳಗಿಟ್ಟ ಕಾಲನ್ನು ಮೆಲ್ಲಗೆ ಮಂಚದ ಮೇಲೆ ಎಳೆದುಕೊಂಡೆ. ಹೊರಗೆ ಕಥೆ ನಡೆಯುತ್ತಿತ್ತು, ಅಲ್ಲಲ್ಲಿ ಎಡವುತ್ತ, ಎದ್ದು ಮುಂದೆ ಹೋಗುತ್ತ. ಪದ್ಮಾ ಹೂಂ ಹೂಂ ಅನ್ನುತ್ತಿದ್ದರು. ನಾನು ಕಣ್ಣು ಮುಚ್ಚಿ ಕೇಳುತ್ತ ಮಲಗಿದೆ. ಸತ್ತವರು ಕಥೆಯ ನಡುವೆ ಎದ್ದು ಹೋದರೆ ಚೆನ್ನಾಗಿರುವುದಿಲ್ಲವಲ್ಲ.