ಕೌಬಾಯ್ ಊರಿನಲ್ಲೊಂದು ತೆಂಗಿನಕಾಯಿ

“ಮೋನೆ, ತೆಂಗಿನಕಾಯನ್ನು ಇಷ್ಟು ಕೆಳಗೆ ಕಟ್ಟೋದಾ?” ದೋಹಾದಲ್ಲಿ ‘ಮಗನೇ’ ಎಂದು ಕರೆಯುವ ಕೊಡವರ ದನಿ ಕೇಳಿ ಬೆಚ್ಚಿ ತಿರುಗಿದೆ. ನಮ್ಮ ಕಂಪೆನಿಯ ಕ್ಲಬ್‌ನಲ್ಲಿ ಹಳೆಯ ಕೌಬಾಯ್ ಶೈಲಿಯ ಏರ್‌ಗನ್ ಸ್ಪರ್ಧೆಯಿತ್ತು. ಪ್ಲೈವುಡ್‌ನಿಂದ ಹೆಂಡದಂಗಡಿ, ಬ್ಯಾಂಕು, ಕುದುರೆ ಲಾಯ ಕಟ್ಟಿ, ಎಲ್ಲಿ ನಿಂತು ಯಾವುದಕ್ಕೆ ಹೊಡೆಯಬೇಕೆಂದು ಗೊತ್ತುಮಾಡುವ ಕೆಲಸ ನನ್ನದು. ಕೊನೆಯ ಗುರಿಯಾಗಿ ಮಾತ್ರ, ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆಯುವ ನಮ್ಮ ಕೊಡಗಿನ ಕೈಲ್ ಮುಹೂರ್ತ ಹಬ್ಬದ ನೆನಪಿಗೆ, ತೆಂಗಿನಕಾಯಿ ಕಟ್ಟಿದ್ದೆ.

ಕೇಳಿದವರು ಸಹೋದ್ಯೋಗಿಯ ತಾಯಿ. ಮಗನ ಮನೆಗೆಂದು ವಿರಾಜಪೇಟೆಯಿಂದ ಬಂದಿದ್ದರು. “ನಮ್ಮಲ್ಲಿ ಮರದ ತುದಿಗೆ ಕಟ್ತಿದ್ರು. ಅಪ್ಪ, ಅಣ್ಣಂದಿರು ಹೊಡೀತಿದ್ರು. ಕೋವಿ ಒರೆಸಿ ಹೂ ಇಡ್ತಿದ್ದದ್ದು ನಾನು. ನೀನೂ ಹೊಡಿ ಅಂತ ಯಾರೂ ಹೇಳ್ಲಿಲ್ಲ,” ಎಂದರು.

ನಾನು ಏರ್‌ಗನ್ ಸಿದ್ಧಮಾಡಿ ಅವರ ಕೈಗಿತ್ತೆ. ಸೆರಗು ಬಿಗಿದುಕೊಂಡು, ಉಸಿರು ಹಿಡಿದು ಗುರಿಯಿಟ್ಟರು. ಗುಂಡು ಹೋಗಿ ಹೆಂಡದಂಗಡಿಯ ಬೋರ್ಡಿಗೆ ತಗುಲಿತು. ಕಾಯಿ ಅಲುಗಲೂ ಇಲ್ಲ. ಅವರು ಮಾತ್ರ ಚಿಕ್ಕ ಹುಡುಗಿಯಂತೆ ನಕ್ಕರು, ಕಣ್ಣು ಒದ್ದೆಯಾಗಿತ್ತು. “ಇನ್ನೊಂದು ಸಲ ಕೊಡು ಮೋನೆ!”

ನಾನು ಹಬ್ಬಕ್ಕೆ ಊರಿಗೆ ಹೋಗದೆ ವರ್ಷಗಳೇ ಆಗಿವೆ. ಈ ಸಲ ರಜೆ ಕೇಳಿದ್ದೇನೆ. ನನ್ನ ಅಮ್ಮನ ಕೈಗೂ ಈವರೆಗೆ ಯಾರೂ ಕೋವಿ ಕೊಟ್ಟಿಲ್ಲ.